ಜನರ ದುಡ್ಡಿನಲ್ಲಿ ಬರೆದ ಕೋಡ್ ಜನರ ಕೈಗೆ ಬರಲಿ

1993ರ ಏಪ್ರಿಲ್ 30ರಂದು ಜಿನೀವಾ ಹೊರವಲಯದ ಸರ್ನ್ ಭೌತವಿಜ್ಞಾನ ಕೇಂದ್ರದ ಇಬ್ಬರು ನಿರ್ದೇಶಕರು ಒಂದು ಪುಟ್ಟ ದಾಖಲೆಗೆ ಸಹಿ ಹಾಕಿದರು. ಒಬ್ಬರು ಸಂಶೋಧನೆಯ ಹೊಣೆ ಹೊತ್ತಿದ್ದ ವಾಲ್ಟರ್ ಹೂಗ್‌ಲ್ಯಾಂಡ್, ಇನ್ನೊಬ್ಬರು ಆಡಳಿತ ನೋಡಿಕೊಳ್ಳುತ್ತಿದ್ದ ಹೆಲ್ಮುಟ್ ವೇಬರ್. ತಮ್ಮ ಸಂಸ್ಥೆಯಲ್ಲಿ ಹುಟ್ಟಿದ ‘ವರ್ಲ್ಡ್ ವೈಡ್ ವೆಬ್’ ತಂತ್ರಾಂಶದ ಮೇಲಿನ ಬೌದ್ಧಿಕ ಹಕ್ಕುಗಳನ್ನೆಲ್ಲ ಸರ್ನ್ ಬಿಟ್ಟುಕೊಡುತ್ತಿದೆ, ಯಾರು ಬೇಕಾದರೂ ಅದನ್ನು ಬಳಸಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು ಎಂಬುದು ಆ ದಾಖಲೆಯ ಸಾರ. ಬರೀ ಓಡುವ ಪ್ರೋಗ್ರಾಮ್ ಮಾತ್ರವಲ್ಲ, ಅದನ್ನು ಬರೆದ ಸೋರ್ಸ್ ಕೋಡ್ ಕೂಡ ಈ ಮಾತಿನೊಳಗೆ ಸೇರಿತ್ತು.

ಸರ್ನ್ ನಡೆಯುವುದು ಮುಖ್ಯವಾಗಿ ಯುರೋಪಿನ ಸದಸ್ಯ ದೇಶಗಳ ವಂತಿಗೆಯಿಂದ, ಅಂದರೆ ಆ ದೇಶಗಳ ತೆರಿಗೆದಾರರ ದುಡ್ಡಿನಿಂದ. ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ವೆಬ್‌ನ ಮೊದಲ ಪ್ರಸ್ತಾವ ಬರೆದಾಗ ಅಲ್ಲಿನ ಉದ್ಯೋಗಿಯಾಗಿದ್ದರು. ನಾನಾ ದೇಶಗಳಿಂದ ಬಂದು ಹೋಗುವ ವಿಜ್ಞಾನಿಗಳು ತಂತಮ್ಮ ಕಡತಗಳನ್ನು ಹಂಚಿಕೊಳ್ಳಲು ದಾರಿ ಬೇಕಿತ್ತು. ಆ ಅಗತ್ಯಕ್ಕೆಂದು ಹುಟ್ಟಿದ ಏರ್ಪಾಟು ಇವತ್ತು ನಮ್ಮ ಹಳ್ಳಿಯ ರೈತ ಪಹಣಿ ನೋಡುವುದಕ್ಕೂ, ವಿದ್ಯಾರ್ಥಿ ಫಲಿತಾಂಶ ತೆಗೆಯುವುದಕ್ಕೂ ಆಧಾರವಾಗಿದೆ. ಸಾರ್ವಜನಿಕ ಹಣದಿಂದ ಆದ ಸಂಶೋಧನೆ ಸಾರ್ವಜನಿಕರಿಗೆ ಮರಳಿದ ರೀತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈ ನಿರ್ಧಾರ ತಾನಾಗಿಯೇ ಆದದ್ದಲ್ಲ. ಅದರ ಬೆಲೆ ತಿಳಿಯಬೇಕಾದರೆ ಅದೇ 1993ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನೋಡಬೇಕು.

ಗೋಫರ್ ಕಲಿಸಿದ ಪಾಠ

ಮಿನೆಸೋಟ ವಿಶ್ವವಿದ್ಯಾಲಯ ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಮಾರ್ಕ್ ಮೆಕಾಹಿಲ್ ಮುಂದಾಳುತನದ ತಂಡ 1991ರಲ್ಲಿ ‘ಗೋಫರ್’ ಎಂಬ ವ್ಯವಸ್ಥೆಯನ್ನು ರೂಪಿಸಿತು. ಪರದೆಯ ಮೇಲೆ ಪಟ್ಟಿ ಬರುತ್ತದೆ. ಬೇಕಾದದ್ದನ್ನು ಆರಿಸಿದರೆ ಇನ್ನೊಂದು ಪಟ್ಟಿ ತೆರೆಯುತ್ತದೆ. ಹಾಗೆಯೇ ಮುಂದುವರಿದು ಜಗತ್ತಿನ ಯಾವುದೋ ಮೂಲೆಯ ಕಂಪ್ಯೂಟರಿನಲ್ಲಿರುವ ಕಡತವನ್ನು ತಲುಪಬಹುದು. ಬಳಸಲು ಸಲೀಸು, ಸ್ಥಾಪಿಸಲು ಸುಲಭ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇಂಟರ್ನೆಟ್‌ನಲ್ಲಿ ಮಾಹಿತಿ ಹುಡುಕುವವರಿಗೆ ಗೋಫರ್ ವೆಬ್‌ಗಿಂತ ಹೆಚ್ಚು ಪರಿಚಿತವಾಗಿತ್ತು.

1993ರ ವಸಂತದಲ್ಲಿ ವಿಶ್ವವಿದ್ಯಾಲಯ ಹೊಸದೊಂದು ನಿಯಮ ಪ್ರಕಟಿಸಿತು. ಗೋಫರ್ ಸರ್ವರ್ ತಂತ್ರಾಂಶವನ್ನು ಬಳಸುವ ವಾಣಿಜ್ಯ ಸಂಸ್ಥೆಗಳು ಇನ್ನು ಶುಲ್ಕ ತೆರಬೇಕು. ಮೊತ್ತ ಎಷ್ಟು ಎನ್ನುವುದಕ್ಕಿಂತ ಆ ಮಾತು ಹುಟ್ಟಿಸಿದ ಅಂಜಿಕೆ ದೊಡ್ಡದು. ಇವತ್ತು ವಾಣಿಜ್ಯ ಸಂಸ್ಥೆಗಳಿಗೆ ಶುಲ್ಕ, ನಾಳೆ ಯಾರಿಗೆ? ನಾವೇ ಹೊಸದಾಗಿ ಬರೆದ ಗೋಫರ್ ತಂತ್ರಾಂಶದ ಮೇಲೂ ಅವರು ಹಕ್ಕು ಹೇಳಿದರೆ? ಬಳಕೆದಾರರೂ ಪ್ರೋಗ್ರಾಮರುಗಳೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಸರ್ನ್ ಕೂಡ ಹೀಗೆಯೇ ಮಾಡುತ್ತದೆಯೇ ಎಂಬ ಪ್ರಶ್ನೆಗಳು ಬರ್ನರ್ಸ್-ಲೀ ಅವರತ್ತ ಬರತೊಡಗಿದವು. ಏಪ್ರಿಲ್ 30ರ ಆ ದಾಖಲೆ ಈ ಪ್ರಶ್ನೆಗಳಿಗೆ ಉತ್ತರವೂ ಹೌದು.

ಗೋಫರ್ ಸೊರಗಿದ್ದಕ್ಕೆ ಶುಲ್ಕವೊಂದೇ ಕಾರಣವಲ್ಲ. ಪಠ್ಯದ ನಡುವೆಯೇ ಕೊಂಡಿ ಹಾಕುವ, ಚಿತ್ರ ತೋರಿಸುವ ಸಾಮರ್ಥ್ಯ ವೆಬ್‌ಗೆ ಇತ್ತು. ಆದರೆ ಪಟ್ಟಿಯ ಜಾಗದಲ್ಲಿ ಪುಟಗಳನ್ನು ತರುವಂಥ ಸುಧಾರಣೆ ಹತ್ತಾರು ಕಡೆಯ ಉತ್ಸಾಹಿಗಳಿಂದ ಬರಬೇಕಾದದ್ದು. ಆ ಉತ್ಸಾಹಿಗಳೇ ದೂರ ಹೋದಾಗ ಸುಧಾರಣೆ ಎಲ್ಲಿಂದ ಬರಬೇಕು? 1994ರ ಹೊತ್ತಿಗೆ ವೆಬ್‌ನ ದಟ್ಟಣೆ ಗೋಫರ್‌ನದನ್ನು ಮೀರಿತು. ವಿಶ್ವವಿದ್ಯಾಲಯ 2000ದಲ್ಲಿ ಗೋಫರ್ ಕೋಡನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಕೇಳುವವರೇ ಉಳಿದಿರಲಿಲ್ಲ.

ಒಂದೇ ಕಟ್ಟಡ, ಎರಡು ಹಾದಿ

ಮೂರನೆಯ ಕಥೆ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಎಂಬ ಸೂಪರ್‌ಕಂಪ್ಯೂಟರ್ ಕೇಂದ್ರದ್ದು. ಸೆನೆಟರ್ ಆಲ್ ಗೋರ್ ಮುಂದೆ ನಿಂತು ತಂದ 1991ರ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರ ಇಂಥ ಕೇಂದ್ರಗಳಿಗೆ ಹಣ ಕೊಟ್ಟಿತ್ತು. ಅಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಬರೆದ ‘ಮೊಸಾಯಿಕ್’ ಬ್ರೌಸರ್ 1993ರಲ್ಲಿ ಹೊರಬಂದು, ಪಠ್ಯದ ಜೊತೆಗೇ ಚಿತ್ರ ತೋರಿಸಿ, ವೆಬ್ಬನ್ನು ಸಾಮಾನ್ಯರ ಮನೆಗೆ ತಂದಿತು. ಅದೇ ಕೇಂದ್ರದಲ್ಲಿ ರಾಬ್ ಮೆಕ್‌ಕೂಲ್ ‘ಎನ್‌ಸಿಎಸ್‌ಎ ಎಚ್‌ಟಿಟಿಪಿಡಿ’ ಎಂಬ ವೆಬ್ ಸರ್ವರ್ ಬರೆದರು. ಹಣ ಕೊಟ್ಟವರು ಒಬ್ಬರೇ, ಕೂತು ಬರೆದ ಜಾಗವೂ ಒಂದೇ. ಎರಡರ ಹಾದಿ ಮಾತ್ರ ಬೇರೆಯಾಯಿತು.

ಮೊಸಾಯಿಕ್ ಬ್ರೌಸರನ್ನು ಸ್ವಂತಕ್ಕೆ ಬಳಸಲು ಕಾಸು ಕೊಡಬೇಕಿರಲಿಲ್ಲ. ವ್ಯಾಪಾರಕ್ಕೆ ಬಳಸಬೇಕಾದರೆ ಲೈಸೆನ್ಸ್ ಬೇಕು. 1994ರಲ್ಲಿ ಸ್ಪೈಗ್ಲಾಸ್ ಎಂಬ ಕಂಪನಿ ಆ ಹಕ್ಕು ಪಡೆಯಿತು. ಅದರಿಂದ ಮೈಕ್ರೋಸಾಫ್ಟ್ ಲೈಸೆನ್ಸ್ ಪಡೆದು 1995ರಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್’ ತಂದಿತು. ಬ್ರೌಸರನ್ನು ವಿಂಡೋಸ್ ಜೊತೆ ಪುಕ್ಕಟೆ ಕೊಟ್ಟಾಗ ಸ್ಪೈಗ್ಲಾಸ್‌ಗೆ ಬರಬೇಕಾದ ಪಾಲಿನ ಬಗ್ಗೆ ತಕರಾರು ಎದ್ದು, 1997ರಲ್ಲಿ 80 ಲಕ್ಷ ಡಾಲರಿಗೆ ರಾಜಿಯಾಯಿತು. ಇತ್ತ ಆಂಡ್ರೀಸನ್ ಹೊರಗೆ ಹೋಗಿ ಜಿಮ್ ಕ್ಲಾರ್ಕ್ ಜೊತೆ ಕಟ್ಟಿದ ಕಂಪನಿಗೆ ಮೊಸಾಯಿಕ್ ಎಂಬ ಹೆಸರಿಡಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. ಅದು ನೆಟ್‌ಸ್ಕೇಪ್ ಆಯಿತು. ಅಲ್ಲಿ ಬ್ರೌಸರನ್ನು ಮತ್ತೆ ಮೊದಲಿನಿಂದ ಬರೆದರು. ಇಷ್ಟೆಲ್ಲ ಆದಮೇಲೆ ಜನರ ಹಣದಲ್ಲಿ ಹುಟ್ಟಿದ ಮೊಸಾಯಿಕ್‌ಗೆ ಉಳಿದದ್ದು ಚರಿತ್ರೆಯಲ್ಲೊಂದು ಹೆಸರು.

ಸರ್ವರ್ ತಂತ್ರಾಂಶದ ಕೋಡ್ ಎಲ್ಲರಿಗೂ ಸಿಗುವಂತಿತ್ತು. ಮೆಕ್‌ಕೂಲ್ 1994ರಲ್ಲಿ ಕೆಲಸ ಬಿಟ್ಟಾಗ ಅದನ್ನು ನೋಡಿಕೊಳ್ಳುವವರು ಇಲ್ಲವಾದರು. ಆದರೆ ತಂತಮ್ಮ ಜಾಲತಾಣ ನಡೆಸುತ್ತಿದ್ದ ಹಲವರು ಆಗಲೇ ಅದರ ದೋಷಗಳನ್ನು ತಾವೇ ತಿದ್ದಿಕೊಂಡಿದ್ದರು. ಬ್ರಯಾನ್ ಬೆಲೆನ್‌ಡಾರ್ಫ್ ಮತ್ತು ಗೆಳೆಯರು ಆ ತಿದ್ದುಪಡಿಗಳನ್ನು ಒಟ್ಟುಗೂಡಿಸಿ 1995ರಲ್ಲಿ ‘ಅಪಾಚೆ’ ಎಂಬ ಹೆಸರಿನಲ್ಲಿ ಹೊರತಂದರು. ಒಂದೇ ವರ್ಷದಲ್ಲಿ ಅದು ಜಗತ್ತಿನ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು, ಇವತ್ತಿಗೂ ಓಡುತ್ತಿದೆ. ಬರೆದವರು ಬಿಟ್ಟುಹೋದ ಮೇಲೂ ತಂತ್ರಾಂಶ ಬದುಕಬೇಕಾದರೆ ಕೋಡ್ ಹೊರಗಿರಬೇಕು. ಸಂಶೋಧನಾ ಸಂಸ್ಥೆಗಳ ಮಟ್ಟಿಗೆ ಇದು ಮುಖ್ಯ ಮಾತು. ಅಲ್ಲಿ ಕೋಡ್ ಬರೆಯುವವರು ಹೆಚ್ಚಾಗಿ ವಿದ್ಯಾರ್ಥಿಗಳು, ಎರಡು ಮೂರು ವರ್ಷದ ಯೋಜನಾ ಸಿಬ್ಬಂದಿ. ಪದವಿ ಸಿಕ್ಕಿದ ದಿನ, ಅನುದಾನ ಮುಗಿದ ದಿನ ಅವರು ಹೊರಡುತ್ತಾರೆ.

ಕಾನೂನು ಎಲ್ಲಿ ನಿಂತಿದೆ

ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಕೃತಿಸ್ವಾಮ್ಯ ಇರುವುದಿಲ್ಲ. ಆದರೆ ಸರ್ಕಾರದ ಅನುದಾನ ಪಡೆದ ವಿಶ್ವವಿದ್ಯಾಲಯಕ್ಕೆ ಆ ನಿಯಮ ತಾಗದು. ಬದಲಿಗೆ 1980ರ ಬೇ-ಡೋಲ್ ಕಾಯ್ದೆ, ಸರ್ಕಾರಿ ಹಣದಿಂದ ಆದ ಆವಿಷ್ಕಾರಗಳ ಒಡೆತನವನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ದಾರಿ ಮಾಡಿತು. ಗೂಗಲ್‌ಗೆ ತಳಪಾಯವಾದ ‘ಪೇಜ್‌ರ್‍ಯಾಂಕ್’ ವಿಧಾನ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡಾಗ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನವೂ ಅದರ ಹಿಂದಿತ್ತು. ಪೇಟೆಂಟ್ ವಿಶ್ವವಿದ್ಯಾಲಯದ ಪಾಲಾಯಿತು. ಲೈಸೆನ್ಸಿಗೆ ಪ್ರತಿಯಾಗಿ ಸಿಕ್ಕ 18 ಲಕ್ಷ ಷೇರುಗಳನ್ನು ಮಾರಿ ಅದು ಗಳಿಸಿದ್ದು ಸುಮಾರು 33.6 ಕೋಟಿ ಡಾಲರ್.

ಈ ಮಾದರಿ ನಮ್ಮಲ್ಲಿಗೂ ಬರಲಿಕ್ಕಿತ್ತು. ಸಾರ್ವಜನಿಕ ಹಣದ ಸಂಶೋಧನೆಯಿಂದ ಬಂದ ಬೌದ್ಧಿಕ ಸ್ವತ್ತನ್ನು ಸಂಸ್ಥೆಗಳೇ ಹಕ್ಕಿಗೆ ಒಳಪಡಿಸಿ ವಾಣಿಜ್ಯಕ್ಕೆ ತರಬೇಕೆಂಬ ಮಸೂದೆ 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ವಿಜ್ಞಾನಿಗಳಿಂದಲೂ ನಾಗರಿಕ ಸಂಘಟನೆಗಳಿಂದಲೂ ಆಕ್ಷೇಪ ಬಂದು ಅದು ಕಾಯ್ದೆಯಾಗಲಿಲ್ಲ. ಆದರೆ ಅದಿಲ್ಲವೆಂದ ಮಾತ್ರಕ್ಕೆ ನಮ್ಮಲ್ಲಿ ಕೋಡ್ ಹೊರಗೆ ಬರುತ್ತದೆ ಎಂದೇನೂ ಇಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸರ್ಕಾರಿ ಕೃತಿಯ ಮೊದಲ ಒಡೆಯ ಸರ್ಕಾರವೇ. ಮಾಹಿತಿ ಹಕ್ಕಿನಡಿ ಕೇಳಿದರೆ ಬೌದ್ಧಿಕ ಸ್ವತ್ತು, ವ್ಯಾಪಾರ ರಹಸ್ಯ ಎಂಬ 8(1)(ಡಿ) ವಿನಾಯಿತಿ ಎದುರಾಗಬಹುದು.

2014ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ತಂತ್ರಜ್ಞಾನ ಇಲಾಖೆಗಳು ತಮ್ಮ ಅನುದಾನದಿಂದ ಬಂದ ಸಂಶೋಧನಾ ಲೇಖನಗಳು ಎಲ್ಲರಿಗೂ ಓದಲು ಸಿಗಬೇಕೆಂಬ ನೀತಿ ತಂದವು. 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನೂ, ಸರ್ಕಾರಿ ತಂತ್ರಾಂಶಗಳ ಕೋಡ್ ತೆರೆಯುವ ಇನ್ನೊಂದು ನೀತಿಯನ್ನೂ ಪ್ರಕಟಿಸಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಮೊದಲನೆಯದರ ಕಣ್ಣು ಲೇಖನದ ಮೇಲೆ. ಮಿಕ್ಕೆರಡರ ಕಣ್ಣು ಇಲಾಖೆಗಳ ಇ-ಆಡಳಿತದ ಮೇಲೆ. ಪ್ರಯೋಗಾಲಯದಲ್ಲಿ ಅನುದಾನದಿಂದ ಬರೆದ ತಂತ್ರಾಂಶ ಈ ಎರಡರ ನಡುವೆ ಬಿದ್ದುಹೋಗುತ್ತದೆ.

ನೋಡದೆ ನಂಬುವುದು ಹೇಗೆ?

ಕೋಡ್ ತೆರೆಯಬೇಕು ಎನ್ನುವುದಕ್ಕೆ ಬಳಕೆಯಷ್ಟೇ ಕಾರಣವಲ್ಲ. ವಿಜ್ಞಾನದ ಮಾತಿಗೆ ಬೆಲೆ ಬರುವುದು ಅದನ್ನು ಇನ್ನೊಬ್ಬರು ಪರೀಕ್ಷಿಸಬಹುದು ಎಂಬುದರಿಂದ. ಇವತ್ತಿನ ಸಂಶೋಧನೆಯಲ್ಲಿ ಲೆಕ್ಕಾಚಾರವೆಲ್ಲ ನಡೆಯುವುದು ತಂತ್ರಾಂಶದೊಳಗೆ. ಅದನ್ನು ಮುಚ್ಚಿಟ್ಟು ಫಲಿತಾಂಶವನ್ನಷ್ಟೇ ಮುಂದಿಟ್ಟರೆ ಲೆಕ್ಕದ ದಾರಿ ತೋರಿಸದೆ ಉತ್ತರ ಬರೆದ ಹಾಗೆ.

2020ರ ಮಾರ್ಚ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ತಂಡ ಒಂದು ವರದಿ ಕೊಟ್ಟಿತು. ಏನೂ ಮಾಡದೆ ಬಿಟ್ಟರೆ ಕೋವಿಡ್‌ನಿಂದ ಬ್ರಿಟನ್ನಿನಲ್ಲಿ 5 ಲಕ್ಷದಷ್ಟು, ಅಮೆರಿಕದಲ್ಲಿ 22 ಲಕ್ಷದಷ್ಟು ಮಂದಿ ಸಾಯಬಹುದು ಎಂಬ ಅಂದಾಜು ಅದರಲ್ಲಿತ್ತು. ಲಾಕ್‌ಡೌನ್ ಚರ್ಚೆಯ ದಿಕ್ಕನ್ನೇ ಅದು ಬದಲಿಸಿತು. ಅದರ ಹಿಂದಿದ್ದ ತಂತ್ರಾಂಶ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 13 ವರ್ಷಕ್ಕೂ ಹಿಂದೆ ಬರೆದ, ವಿವರಣೆ ಬರೆದಿಡದ ಸಾವಿರಾರು ಸಾಲುಗಳ ಸಿ ಭಾಷೆಯ ಕೋಡ್ ಅದೆಂದು ಫರ್ಗುಸನ್ ಅವರೇ ಹೇಳಿದರು. ಒತ್ತಾಯ ಹೆಚ್ಚಿದ ಮೇಲೆ ಹೊರಗಿನ ಎಂಜಿನಿಯರುಗಳ ನೆರವಿನಿಂದ ಅದನ್ನು ಶುಚಿಗೊಳಿಸಿ ಗಿಟ್‌ಹಬ್‌ನಲ್ಲಿ ಹಾಕಲಾಯಿತು. ಕಟು ಟೀಕೆಗಳು ಬಂದವು. ಬಳಿಕ ಕೇಂಬ್ರಿಜ್‌ನ ಸ್ಟೀಫನ್ ಎಗ್ಲೆನ್ ಕೋಡನ್ನು ಓಡಿಸಿ ನೋಡಿ, ವರದಿಯ ಮುಖ್ಯ ಫಲಿತಾಂಶಗಳು ಮತ್ತೆ ಬರುತ್ತವೆ ಎಂದು ದೃಢಪಡಿಸಿದರು. ಆ ಕೋಡ್ ಮೊದಲೇ ಹೊರಗಿದ್ದಿದ್ದರೆ ಇಡೀ ಜಗತ್ತು ಆತಂಕದಲ್ಲಿದ್ದ ವಾರಗಳಲ್ಲಿ ಅನುಮಾನಕ್ಕೆ ಅಷ್ಟು ಜಾಗ ಇರುತ್ತಿರಲಿಲ್ಲ.

ನಮ್ಮಲ್ಲಿ ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸೇತು’ ಆ್ಯಪ್ ಸಂಶೋಧನಾ ತಂತ್ರಾಂಶವಲ್ಲ. ಆದರೂ ಅದರ ಕಥೆ ಇಲ್ಲಿಗೆ ಹೊಂದುತ್ತದೆ. ನಮ್ಮ ಓಡಾಟದ ಮಾಹಿತಿ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಎದ್ದಿತು. 11 ಕೋಟಿಗೂ ಹೆಚ್ಚು ಜನ ಇಳಿಸಿಕೊಂಡ ಮೇಲೆ, ಮೇ 26ರಂದು, ಆಂಡ್ರಾಯ್ಡ್ ಆವೃತ್ತಿಯ ಕೋಡ್ ಹೊರಬಂತು. ತಪ್ಪು ಹುಡುಕಿಕೊಟ್ಟವರಿಗೆ ಬಹುಮಾನವನ್ನೂ ಸರ್ಕಾರ ಘೋಷಿಸಿತು. ಕೋಡ್ ತೆರೆದರೆ ಭದ್ರತೆ ಕೆಡುತ್ತದೆ ಎನ್ನುವವರಿಗೆ ಸರ್ಕಾರವೇ ಕೊಟ್ಟ ಉತ್ತರ ಅದು.

ಕನ್ನಡದ ಅನುಭವ

ಈ ವಿಷಯ ಕನ್ನಡಿಗರಿಗೆ ಹೊರಗಿನದಲ್ಲ. ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಜನರಿಗೆ ಬಿಡಿಗಾಸಿನ ಖರ್ಚಿಲ್ಲದೆ ಸಿಕ್ಕಿತು. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಟೈಪಿಂಗ್ ಹಬ್ಬಿದ್ದರಲ್ಲಿ ಅದರ ಪಾತ್ರ ದೊಡ್ಡದು. ಅದರೊಳಗಿನ ಎರಡು ಸಂಗತಿಗಳ ಮುಂದಿನ ಗತಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಮೊದಲನೆಯದು ಕೀಲಿಮಣೆ. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿದ ಜೋಡಣೆಯನ್ನು ಸರ್ಕಾರ ಶಿಷ್ಟತೆಯಾಗಿ ಒಪ್ಪಿತು. ಯಾವ ಕೀಲಿಗೆ ಯಾವ ಅಕ್ಷರ, ಒತ್ತಕ್ಷರಕ್ಕೆ ಎಫ್ ಕೀಲಿ ಎಂಬುದೆಲ್ಲ ಎಲ್ಲರಿಗೂ ತಿಳಿದ, ಯಾರು ಬೇಕಾದರೂ ಅಳವಡಿಸಬಹುದಾದ ನಿಯಮ. ಹಾಗಾಗಿ ಅದು ನುಡಿ ತಂತ್ರಾಂಶದ ಗಡಿ ದಾಟಿತು. ಇವತ್ತು ಲಿನಕ್ಸ್ ಕಂಪ್ಯೂಟರಿನ ಕೀಲಿಮಣೆಗಳ ಪಟ್ಟಿ ತೆರೆದರೆ ‘ಕಗಪ’ ಎಂಬ ಹೆಸರು ಕಾಣುತ್ತದೆ. ಕನ್ನಡಕ್ಕೆ ಮಾತ್ರವಲ್ಲ, ಅದೇ ಹೆಸರಿನಲ್ಲಿ ಸಂಸ್ಕೃತ, ಹಿಂದಿ, ಮರಾಠಿಗಳಿಗೂ ವಿನ್ಯಾಸಗಳಿವೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಜಗತ್ತಿನಾದ್ಯಂತ ಹಂಚಿಕೆಯಾಗುವ ತಂತ್ರಾಂಶದೊಳಗೆ ಉಳಿದಿವೆ.

ಎರಡನೆಯದು ಅಕ್ಷರಗಳನ್ನು ಕಡತದಲ್ಲಿ ಇಡುವ ರೀತಿ. ಹಳೆಯ ನುಡಿ ಕಡತಗಳು ಯೂನಿಕೋಡ್ ಬರುವ ಮುಂಚಿನ ಅಭ್ಯಾಸದಂತೆ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವ ಫಾಂಟ್ ನಂಬಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಲಿಪಿ ಕಾಣುತ್ತದೆ. ಹುಡುಕಾಟಕ್ಕೆ ಅದು ಸಿಗದು. ಆ ಕಾಲಕ್ಕೆ ಅದು ಅನಿವಾರ್ಯವೇ ಆಗಿತ್ತು; ಕನ್ನಡದ ಬೇರೆ ತಂತ್ರಾಂಶಗಳೂ ಹೀಗೇ ಇದ್ದವು. ಆದರೆ ಅಂಥ ಸಾವಿರಾರು ಪುಟಗಳನ್ನು ಇಂದಿನ ಯೂನಿಕೋಡ್‌ಗೆ ತರುವ ಕೆಲಸಕ್ಕೆ ಕೈಹಾಕಿದವರಲ್ಲಿ ಬಿಡುವಿನ ವೇಳೆಯಲ್ಲಿ ಕೂತು ಪರಿವರ್ತಕ ಬರೆದು ಅದರ ಕೋಡನ್ನೂ ಹಂಚಿದ ಕನ್ನಡದ ಹುಡುಗರಿದ್ದಾರೆ. ಅವರು ಸಾರ್ವಜನಿಕ ಹಣ ಪಡೆದವರಲ್ಲ. ಆದರೂ ಸಾರ್ವಜನಿಕ ಕೆಲಸ ಮಾಡಿದರು. ಹಣ ಪಡೆದ ಯೋಜನೆಗಳಿಂದ ಅಷ್ಟನ್ನಾದರೂ ನಿರೀಕ್ಷಿಸುವುದು ಅತಿಯಾಗದು.

ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆಂದು ಕೇಂದ್ರ ಸರ್ಕಾರದ ಟಿಡಿಐಎಲ್ ಕಾರ್ಯಕ್ರಮ 1991ರಲ್ಲೇ ಶುರುವಾಯಿತು. ಅಕ್ಷರ ಗುರುತಿಸುವುದು, ಪಠ್ಯವನ್ನು ಓದಿ ಹೇಳುವುದು, ಯಂತ್ರಾನುವಾದ ಹೀಗೆ ಹಲವು ಯೋಜನೆಗಳಿಗೆ ಹಣ ಹೋಯಿತು. ಹೀಗಿದ್ದೂ ಇಂದು ಒಬ್ಬ ಪ್ರೋಗ್ರಾಮರ್ ಕನ್ನಡಕ್ಕೆ ಏನಾದರೂ ಕಟ್ಟಲು ಹೊರಟರೆ ಆಗ ಬರೆದ ಕೋಡಿನ ಮೇಲೆ ಕಟ್ಟುವುದು ಅಪರೂಪ. ಇತ್ತೀಚೆಗೆ ಗಾಳಿ ಬದಲಾಗಿದೆ. ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ ಕೇಂದ್ರದ ‘ಭಾಷಿಣಿ’ ಯೋಜನೆ ಮತ್ತು ಖಾಸಗಿ ದಾನ ಎರಡರ ನೆರವಿನಿಂದ 2023ರಲ್ಲಿ ‘ಇಂಡಿಕ್‌ಟ್ರಾನ್ಸ್2’ ಎಂಬ ಅನುವಾದ ಮಾದರಿಯನ್ನು ಹೊರತಂದಿತು. ಕನ್ನಡವೂ ಸೇರಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅದು ಸಲ್ಲುತ್ತದೆ. ಉದಾರವಾದ ಎಂಐಟಿ ಪರವಾನಗಿಯಡಿ ಸಿಗುತ್ತದೆ. ಧಾರವಾಡದ ವಿದ್ಯಾರ್ಥಿಯೊಬ್ಬಳು ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಇಳಿಸಿಕೊಂಡು ತನ್ನ ಕೆಲಸಕ್ಕೆ ಒಗ್ಗಿಸಬಹುದು. ಮುಂಬೈ ಐಐಟಿಯ ‘ಫಾಸ್ಸೀ’ ಯೋಜನೆಯೂ ಕೇಂದ್ರ ಶಿಕ್ಷಣ ಸಚಿವಾಲಯದ ಹಣದಿಂದಲೇ ನಡೆದು, ಕಾಲೇಜುಗಳಲ್ಲಿ ದುಬಾರಿ ತಂತ್ರಾಂಶಗಳ ಬದಲು ಮುಕ್ತ ತಂತ್ರಾಂಶ ಬಳಸಲು ನೆರವಾಗುತ್ತಿದೆ.

ಆಕ್ಷೇಪಗಳಿಗೆ ಉತ್ತರ

ಕೋಡ್ ತೆರೆಯುವ ಮಾತು ಬಂದಾಗ ಮೂರು ಆಕ್ಷೇಪಗಳು ಬರುತ್ತವೆ. ಸಂಸ್ಥೆಗೆ ಬರಬಹುದಾದ ಆದಾಯ ತಪ್ಪುತ್ತದೆ ಎನ್ನುವುದು ಮೊದಲನೆಯದು. ಸ್ಟ್ಯಾನ್‌ಫರ್ಡ್‌ನ ಷೇರುಗಳನ್ನು ಎಲ್ಲರೂ ನೆನೆಯುತ್ತಾರೆ. ಗೋಫರ್‌ನ ಶುಲ್ಕವನ್ನು ಯಾರೂ ನೆನೆಯುವುದಿಲ್ಲ. ಒಂದು ಗೂಗಲ್‌ನ ಆಸೆಗೆ ನೂರಾರು ತಂತ್ರಾಂಶಗಳನ್ನು ಬೀರುವಿನಲ್ಲಿಟ್ಟು ಕಾಯುವುದು ನೀತಿಯಾಗಲಾರದು. ಊರವರ ವಂತಿಗೆಯಿಂದ ತೋಡಿಸಿದ ಬಾವಿಯ ನೀರನ್ನು ಊರವರಿಗೇ ಕೊಡಕ್ಕಿಷ್ಟೆಂದು ಮಾರಿದರೆ ನಾವು ಒಪ್ಪುತ್ತೇವೆಯೇ?

ಎರಡನೆಯದು, ಕಂಪನಿಗಳು ಪುಕ್ಕಟೆ ಎತ್ತಿಕೊಂಡು ಲಾಭ ಮಾಡುತ್ತವೆ ಎಂಬ ಅಳಲು. ಇದರಲ್ಲಿ ತಿರುಳಿದೆ. ಅದಕ್ಕೆ ಪರವಾನಗಿಯಲ್ಲೇ ಪರಿಹಾರವಿದೆ. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಹಂಚಬೇಕು ಎನ್ನುವ ಜಿಪಿಎಲ್ ಇದೆ. ಏನಾದರೂ ಮಾಡಿಕೊಳ್ಳಿ, ಬರೆದವರ ಹೆಸರು ಉಳಿಸಿ ಎನ್ನುವ ಸಡಿಲ ಪರವಾನಗಿಗಳಿವೆ. ಯಾವುದು ತಕ್ಕದ್ದೆಂದು ಯೋಜನೆಗೆ ತಕ್ಕಂತೆ ಆರಿಸಬಹುದು. ಮೂರನೆಯದು ಭದ್ರತೆ ಮತ್ತು ಖಾಸಗಿತನ. ರಕ್ಷಣಾ ಸಂಶೋಧನೆಯ ಕೋಡ್, ರೋಗಿಗಳ ದತ್ತಾಂಶ ಹೊರಗೆ ಬರಬಾರದು ಎನ್ನುವುದನ್ನು ಯಾರೂ ಅಲ್ಲಗಳೆಯರು. ಆದರೆ ಅದು ಅಪವಾದ. ಅಪವಾದ ಬೇಕೆನ್ನುವವರು ಕಾರಣ ಬರೆದು ಕೊಡಲಿ.

ಮಂಜೂರಾತಿ ಪತ್ರದಲ್ಲೇ ಬರೆಯಲಿ

ಬೇರೆ ಕಡೆ ದಾರಿ ಆಗಲೇ ಮೂಡಿದೆ. ನಾಸಾದ ವಿಜ್ಞಾನ ವಿಭಾಗ 2022ರ ನೀತಿಯಲ್ಲಿ ತನ್ನ ಹಣದಿಂದ ಬರೆದ ಸಂಶೋಧನಾ ತಂತ್ರಾಂಶವೂ ಮುಕ್ತವಾಗಿರಬೇಕೆಂದು ಹೇಳಿದೆ. ಸ್ವಿಟ್ಜರ್ಲೆಂಡಿನಲ್ಲಿ 2024ರ ಜನವರಿಯಿಂದ ಒಕ್ಕೂಟ ಸರ್ಕಾರದ ಸಂಸ್ಥೆಗಳು ತಮಗಾಗಿ ಬರೆಸಿದ ತಂತ್ರಾಂಶದ ಕೋಡನ್ನು ಪ್ರಕಟಿಸಬೇಕೆಂಬ ಕಾಯ್ದೆ ಜಾರಿಯಲ್ಲಿದೆ.

ನಮ್ಮಲ್ಲೂ ಇದು ಅಸಾಧ್ಯವಲ್ಲ. ಕೋಡ್ ತೆರೆಯಬೇಕೋ ಬೇಡವೋ ಎಂದು ಯೋಜನೆ ಮುಗಿದ ಮೇಲೆ ಕೇಳಿದರೆ ತಡವಾಯಿತು. ಅಷ್ಟರಲ್ಲಿ ಬರೆದವರು ಚದುರಿರುತ್ತಾರೆ, ಹಕ್ಕು ಯಾರದೆಂಬ ಗೊಂದಲ ಬೆಳೆದಿರುತ್ತದೆ. ಅನುದಾನದ ಮಂಜೂರಾತಿ ಪತ್ರದಲ್ಲೇ ಇದು ಇತ್ಯರ್ಥವಾಗಬೇಕು. ಕೊನೆಯ ಕಂತು ಬಿಡುಗಡೆಯಾಗುವ ಮುನ್ನ ಅಂತಿಮ ವರದಿಯ ಜೊತೆಗೆ ಕೋಡ್, ಅದನ್ನು ಓಡಿಸುವ ಕ್ರಮ, ಮುಕ್ತ ಪರವಾನಗಿ ಈ ಮೂರೂ ಸಾರ್ವಜನಿಕ ಭಂಡಾರ ಸೇರಿರಬೇಕು. ತೆರೆಯಲಾಗದು ಎನ್ನುವ ಯೋಜನೆ ಕಾರಣವನ್ನೂ ಎಷ್ಟು ವರ್ಷದವರೆಗೆ ಎಂಬುದನ್ನೂ ಲಿಖಿತವಾಗಿ ಹೇಳಬೇಕು. ಅನುದಾನದ ಸಣ್ಣ ಪಾಲನ್ನು ನಿರ್ವಹಣೆಗೆಂದೇ ತೆಗೆದಿಡಬೇಕು, ಏಕೆಂದರೆ ಹೊರಗಿಟ್ಟ ಕೋಡನ್ನೂ ಯಾರಾದರೂ ನೋಡಿಕೊಳ್ಳಬೇಕು.

ಕರ್ನಾಟಕ ಸರ್ಕಾರ ಇದಕ್ಕೆ ದಿಲ್ಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಕನ್ನಡದ ಫಾಂಟು, ಪದಪರೀಕ್ಷಕ, ಧ್ವನಿ ತಂತ್ರಾಂಶ, ನಿಘಂಟು ಹೀಗೆ ರಾಜ್ಯದ ಬೊಕ್ಕಸದಿಂದ ಹಣ ಪಡೆಯುವ ಪ್ರತಿಯೊಂದು ಯೋಜನೆಗೂ ಈ ಷರತ್ತನ್ನು ಒಂದೇ ಆದೇಶದಲ್ಲಿ ಸೇರಿಸಬಹುದು. ಹಾಗೆ ಮಾಡಿದರೆ ಮುಂದಿನ ತಲೆಮಾರಿನ ಪ್ರೋಗ್ರಾಮರ್ ಕನ್ನಡದ ಕೆಲಸವನ್ನು ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ. ಹಿಂದಿನವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾನೆ. ಇಷ್ಟು ಸಣ್ಣ ಭಾಷಾ ಮಾರುಕಟ್ಟೆಯಲ್ಲಿ, ಇಷ್ಟು ಕಡಿಮೆ ಕೈಗಳಿರುವಲ್ಲಿ, ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮತ್ತೆ ದುಡ್ಡು ಕೊಟ್ಟು ಮಾಡಿಸುವಷ್ಟು ಶ್ರೀಮಂತಿಕೆ ನಮಗಿಲ್ಲ.